ಕರುಳಿನ ಹಾರ್ಮೋನಿನ ಶುಗರ್ ಔಷಧಿಗಳು: ಬೀಟಾ ಕೋಶ ಉಳಿಸುತ್ತವೆ ಎನ್ನುವ ಮಾತಿಗೆ ಎಷ್ಟು ಕಾಸು ಕೊಡಬಹುದು?

ಗ್ಲಿಪ್ಟಿನ್ ಮಾತ್ರೆ, ರೈಬೆಲ್ಸಸ್ ಮಾತ್ರೆ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಇಲ್ಲವೇ ಟಿರ್ಜೆಪಟೈಡ್. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ದೊಡ್ಡ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ, ಸ್ಟಾಕ್ ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಮೂರೂ ಕೆಲಸ ಮಾಡುವುದು ಕರುಳಿನ ಹಾರ್ಮೋನಿನ ದಾರಿಯಲ್ಲೇ. ಮೂರರ ಬಗ್ಗೆಯೂ ಒಂದೇ ಮಾತು ಓಡಾಡುತ್ತಿದೆ: ಇದು ಬರೀ ಶುಗರ್ ಇಳಿಸುವ ಔಷಧಿಯಲ್ಲ, ಪ್ಯಾಂಕ್ರಿಯಾಸಿನಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನೇ ಕಾಪಾಡುತ್ತದೆ. ವಾಟ್ಸಾಪಿಗೆ ಬರುವಷ್ಟರಲ್ಲಿ ಅದು "ಪ್ಯಾಂಕ್ರಿಯಾಸ್ ಮತ್ತೆ ಬೆಳೆಯುತ್ತದಂತೆ" ಎಂದಾಗಿರುತ್ತದೆ. ತಿಂಗಳ ಖರ್ಚು ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದ ತನಕ ಇರುವಾಗ ಆ ಮಾತನ್ನು ತೂಗಿ ನೋಡದೆ ಕೊಳ್ಳಬಾರದು.

ಮೊದಲು ಈ ಹಾರ್ಮೋನು ಏನು ಮಾಡುತ್ತದೆ ನೋಡೋಣ. ಗ್ಲೂಕೋಸನ್ನು ಡ್ರಿಪ್ಪಿನಲ್ಲಿ ರಕ್ತಕ್ಕೆ ಬಿಟ್ಟಾಗ ಬರುವ ಇನ್ಸುಲಿನ್‌ಗಿಂತ, ಅಷ್ಟೇ ಗ್ಲೂಕೋಸನ್ನು ಬಾಯಲ್ಲಿ ಕುಡಿದಾಗ ಬರುವ ಇನ್ಸುಲಿನ್ ಬಹಳ ಹೆಚ್ಚು. ಆರೋಗ್ಯವಂತರಲ್ಲಿ ಊಟದ ನಂತರದ ಇನ್ಸುಲಿನ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಕರುಳು ಕಳಿಸುವ ಸೂಚನೆಯಿಂದಲೇ ಬರುತ್ತದೆ. ಸಣ್ಣ ಕರುಳಿನ ಮೇಲ್ಭಾಗದ ಕೆ ಕೋಶಗಳು ಜಿಐಪಿ ಎಂಬ ಹಾರ್ಮೋನನ್ನೂ, ಕೆಳಭಾಗದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ ಹೆಚ್ಚಾಗಿರುವ ಎಲ್ ಕೋಶಗಳು ಜಿಎಲ್‌ಪಿ-1 ಎಂಬುದನ್ನೂ ಬಿಡುತ್ತವೆ. ಇವು ಬೀಟಾ ಕೋಶದ ಮೇಲಿನ ಗ್ರಾಹಿಗೆ (ರಿಸೆಪ್ಟರ್) ಅಂಟಿಕೊಂಡಾಗ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ರಾಸಾಯನಿಕ ಏರುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ ಹೀಗಾಗುತ್ತದೆ. ಸಕ್ಕರೆ ಇಳಿಯುತ್ತಿದ್ದಂತೆ ಕೋಶದ ಮೇಲಿನ ಒತ್ತಡವೂ ಇಳಿಯುತ್ತದೆ. ಗ್ಲಿಮೆಪಿರೈಡ್ ಎಂಬ ಹಳೆಯ ಶುಗರ್ ಮಾತ್ರೆ ಹಾಗಲ್ಲ, ಸಕ್ಕರೆ ಏರಿರಲಿ ಬಿಡಲಿ ಕೋಶವನ್ನು ಹಿಂಡುತ್ತಲೇ ಇರುತ್ತದೆ. ಲೋ ಶುಗರ್ ಆಗುವುದು ಅದಕ್ಕೇ.

ಅದೇ ಸೈಕ್ಲಿಕ್ ಎಎಂಪಿ ದಾರಿ ಕೋಶದ ಆತ್ಮನಾಶದ ಪ್ರಕ್ರಿಯೆಯನ್ನೂ ತಡೆಯುತ್ತದೆ. ಇಲಿಗಳಲ್ಲಿ ಜಿಎಲ್‌ಪಿ-1 ಕೊಟ್ಟಾಗ ಬೀಟಾ ಕೋಶಗಳು ಸಾಯುವುದು ಕಡಿಮೆಯಾಗಿದೆ, ಸಂಖ್ಯೆಯೂ ಹೆಚ್ಚಿದೆ. ಪ್ರಚಾರದ ಮಾತಿನ ಬೇರು ಇಲ್ಲಿದೆ. ಆದರೆ ಆ ಇಲಿಗಳು ಹೆಚ್ಚಾಗಿ ಎಳೆಯವು, ಅವುಗಳ ಬೀಟಾ ಕೋಶ ಸುಲಭವಾಗಿ ವಿಭಜನೆಯಾಗುತ್ತದೆ. ನಡುವಯಸ್ಸಿನ ಮನುಷ್ಯನ ಬೀಟಾ ಕೋಶ ವಿಭಜನೆಯಾಗುವುದೇ ಅಪರೂಪ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಲೆಕ್ಕದಲ್ಲಿ, ಟೈಪ್ 2 ಎಂದು ಗೊತ್ತಾಗುವ ಹೊತ್ತಿಗೆ ಈ ಕೋಶಗಳ ಸಾಮರ್ಥ್ಯ ಸುಮಾರು ಅರ್ಧ ಹೋಗಿರುತ್ತದೆ. ಹೊಸದನ್ನು ಬೆಳೆಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿದ ಅರ್ಧವನ್ನು ಎಷ್ಟು ವರ್ಷ ಎಳೆಯಬಹುದು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಇನ್ನೊಂದು ತೊಡಕಿದೆ. ಸಹಜ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷಕ್ಕೆ ಅರ್ಧವಾಗುತ್ತದೆ, ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಔಷಧಿ ಮಾಡುವವರ ಮುಂದೆ ಎರಡು ದಾರಿಗಳಿದ್ದವು: ಕತ್ತರಿಸುವ ಕಿಣ್ವವನ್ನು ತಡೆಯುವುದು, ಇಲ್ಲವೇ ಕತ್ತರಿಗೆ ಸಿಗದಂಥ ಜಿಎಲ್‌ಪಿ-1 ತಯಾರಿಸುವುದು.

ಮೊದಲ ದಾರಿಯದೇ ಗ್ಲಿಪ್ಟಿನ್‌ಗಳು: ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್. ನಮ್ಮದೇ ಹಾರ್ಮೋನಿನ ಮಟ್ಟವನ್ನು ಎರಡು ಮೂರು ಪಟ್ಟು ಏರಿಸುತ್ತವೆ. ತೂಕ ಇಳಿಸುವುದಿಲ್ಲ, ಏರಿಸುವುದೂ ಇಲ್ಲ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಶೇಕಡಾ ಅಂಕಿ) ಇಳಿಯುವುದು ಸುಮಾರು 0.6ರಿಂದ 0.8. ಪೇಟೆಂಟ್ ಮುಗಿದ ಮೇಲೆ ದರ ನೆಲಕ್ಕಿಳಿದಿದೆ. 2022ರ ಸೆಪ್ಟೆಂಬರ್‌ನಲ್ಲಿ ಜನೌಷಧಿ ಕೇಂದ್ರಗಳಿಗೆ ಸಿಟಾಗ್ಲಿಪ್ಟಿನ್ ಬಂದಾಗ 50 ಮಿ.ಗ್ರಾಂನ 10 ಮಾತ್ರೆಗೆ 60 ರೂಪಾಯಿ, 100 ಮಿ.ಗ್ರಾಂನ 10 ಮಾತ್ರೆಗೆ 100 ರೂಪಾಯಿ ಇತ್ತು. ದಿನಕ್ಕೆ 10 ರೂಪಾಯಿ ಎಂದರೆ ಬೆಳಗಿನ ಒಂದು ಕಾಫಿಗಿಂತ ಅಗ್ಗ.

ವಿಲ್ಡಾಗ್ಲಿಪ್ಟಿನ್ ಪರವಾಗಿ ಗಟ್ಟಿ ಸಾಕ್ಷಿಯೇ ಇದೆ. 2019ರಲ್ಲಿ ಪ್ರಕಟವಾದ ವೆರಿಫೈ ಅಧ್ಯಯನದಲ್ಲಿ ಹೊಸದಾಗಿ ಟೈಪ್ 2 ಪತ್ತೆಯಾದ ಸುಮಾರು 2,000 ಜನರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದರು. ಮೆಟ್‌ಫಾರ್ಮಿನ್ ಒಂದನ್ನೇ ಶುರು ಮಾಡಿದವರಲ್ಲಿ 62.1% ಮಂದಿಗೆ ಆ ಔಷಧಿ ಸಾಲದಾಯಿತು. ಮೊದಲ ದಿನದಿಂದಲೇ ಜೊತೆಗೆ ವಿಲ್ಡಾಗ್ಲಿಪ್ಟಿನ್ ತೆಗೆದುಕೊಂಡವರಲ್ಲಿ 43.6%. ಬೀಟಾ ಕೋಶ ಉಳಿಯಿತು ಎಂದು ಇದರಿಂದ ಸಾಧಿಸಲಾಗದು, ಆದರೆ ಶುಗರ್ ಹತೋಟಿ ಹೆಚ್ಚು ಕಾಲ ಉಳಿಯಿತು ಎಂಬುದು ನಿಜ. ಈ ದರಕ್ಕೆ ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ತಪ್ಪಾಗುವುದು ಕಿಡ್ನಿ ಲೆಕ್ಕದಲ್ಲಿ. ಸಿಟಾಗ್ಲಿಪ್ಟಿನ್ 100 ಮಿ.ಗ್ರಾಂ ಪೂರ್ತಿ ಡೋಸು. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 45ಕ್ಕಿಂತ ಕಡಿಮೆಯಾದರೆ 50, 30ಕ್ಕಿಂತ ಕಡಿಮೆಯಾದರೆ 25. ಹತ್ತು ವರ್ಷ ಹಳೆಯ ಚೀಟಿಯನ್ನೇ ತೋರಿಸಿ ತೆಗೆದುಕೊಳ್ಳುವವರಿಗೆ ಇದು ಗೊತ್ತಾಗುವುದೇ ಇಲ್ಲ. ಲಿನಾಗ್ಲಿಪ್ಟಿನ್ 5 ಮಿ.ಗ್ರಾಂಗೆ ಈ ತಾಪತ್ರಯವಿಲ್ಲ. ವಿಲ್ಡಾಗ್ಲಿಪ್ಟಿನ್ 50 ಮಿ.ಗ್ರಾಂ ದಿನಕ್ಕೆ ಎರಡು ಸಲ, ಶುರು ಮಾಡುವ ಮುನ್ನ ಲಿವರ್ ಟೆಸ್ಟ್ ಬೇಕು. ಚರ್ಮದ ಮೇಲೆ ನೀರುಗುಳ್ಳೆ ಎದ್ದರೆ ಅಥವಾ ಕೀಲುನೋವು ಏಕಾಏಕಿ ಜೋರಾದರೆ ಮಾತ್ರೆಯನ್ನು ಅನುಮಾನಿಸಿ ವೈದ್ಯರಿಗೆ ತಿಳಿಸಿ.

ಇನ್ನು ರೈಬೆಲ್ಸಸ್. ಭಾರತಕ್ಕೆ 2022ರಲ್ಲಿ ಬಂತು. ಒಳಗಿರುವುದು ಸೆಮಾಗ್ಲುಟೈಡ್, ಚುಚ್ಚುಮದ್ದಿನದೇ ಅಣು. ಹೊಟ್ಟೆಗೆ ಹೋದ ಪ್ರೋಟೀನನ್ನು ಜಠರ ಅರಗಿಸಿಬಿಡುತ್ತದಲ್ಲ, ಅದಕ್ಕೆ ಪ್ರತಿ ಮಾತ್ರೆಯಲ್ಲಿ ಸ್ನ್ಯಾಕ್ ಎಂಬ ಸಹಾಯಕ ವಸ್ತುವನ್ನು 300 ಮಿ.ಗ್ರಾಂ ಸೇರಿಸಿದ್ದಾರೆ. ಮಾತ್ರೆ ಜಠರದ ಗೋಡೆಗೆ ತಾಗಿ ಕರಗುವಾಗ ಅದು ಸುತ್ತಲಿನ ಆಮ್ಲವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ, ಅಷ್ಟರಲ್ಲಿ ಒಂದಿಷ್ಟು ಔಷಧಿ ರಕ್ತಕ್ಕೆ ನುಸುಳುತ್ತದೆ. ಒಂದಿಷ್ಟು ಎಂದರೆ ನೂರಕ್ಕೆ ಒಂದು ಪಾಲಿಗೂ ಕಡಿಮೆ. ಇಷ್ಟು ಕಿರಿದಾದ ಬಾಗಿಲಿನಲ್ಲಿ ಯಾವುದೇ ಅಡ್ಡಿ ಬಂದರೂ ಮಾತ್ರೆ ದಂಡ.

ನಮ್ಮ ಎರಡು ಜಿಲ್ಲೆಗಳಲ್ಲಿ ಆ ಅಡ್ಡಿಯ ಹೆಸರು ಕಾಫಿ. ಹಾಸಿಗೆಯಿಂದ ಎದ್ದು ಮುಖ ತೊಳೆಯುವಷ್ಟರಲ್ಲಿ ಲೋಟ ಕೈಗೆ ಬರುವ ಮನೆಗಳಿವು, ಅದೂ ಹಾಲು ಬೆಲ್ಲ ಹಾಕಿದ್ದು. ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಕಾಫಿ ಕುಡಿದರೆ ಔಷಧಿ ಸೇರುವುದು ಬಹಳ ಕಡಿಮೆಯಾಗುತ್ತದೆ, ಕಾಫಿಯ ಜೊತೆಗೇ ನುಂಗಿದರೆ ಹೆಚ್ಚುಕಡಿಮೆ ಏನೂ ಸೇರುವುದಿಲ್ಲ. ಹಾಲಿಲ್ಲದ ಡಿಕಾಕ್ಷನ್ ಆದರೂ ಅಷ್ಟೇ, ನೀರು ಬಿಟ್ಟು ಬೇರೇನೂ ಕೂಡದು. ಸರಿಯಾದ ಕ್ರಮ ಇದು: ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ ಮಲಗಿ, ಎದ್ದ ತಕ್ಷಣ ಬರೀ ಹೊಟ್ಟೆಗೆ ಒಂದು ಮಾತ್ರೆ, ನೀರು ಅರ್ಧ ಲೋಟ, 120 ಮಿ.ಲೀ. ಮೀರಬಾರದು. ಬೆಳಿಗ್ಗೆ ಎದ್ದು ಚೊಂಬುಗಟ್ಟಲೆ ನೀರು ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಮುಂದೂಡಬೇಕು, ನೀರು ಹೆಚ್ಚಾದಷ್ಟೂ ಸ್ನ್ಯಾಕ್ ತೆಳುವಾಗುತ್ತದೆ. ಆಮೇಲೆ ಕನಿಷ್ಠ 30 ನಿಮಿಷ ಏನೂ ಇಲ್ಲ. ಅಷ್ಟು ಹೊತ್ತು ಕಾಯಲಾರದವರು ಈ ಮಾತ್ರೆಗೆ ದುಡ್ಡು ಹಾಕದಿರುವುದೇ ಲೇಸು.

ಥೈರಾಯ್ಡ್ ಮಾತ್ರೆಯೂ ಇದೇ ಹೊತ್ತಿಗೆ ಪೈಪೋಟಿಗೆ ಬರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ರೈಬೆಲ್ಸಸ್ ಕೆಡುವುದಷ್ಟೇ ಅಲ್ಲ, ಥೈರಾಕ್ಸಿನ್ ದೇಹಕ್ಕೆ ಸುಮಾರು ಮೂರನೇ ಒಂದರಷ್ಟು ಹೆಚ್ಚು ಸೇರುತ್ತದೆ. ಥೈರಾಯ್ಡ್ ಮಾತ್ರೆಯನ್ನು ರಾತ್ರಿ ಊಟವಾಗಿ ಮೂರು ಗಂಟೆಯ ನಂತರಕ್ಕೆ ಸರಿಸಬಹುದೇ ಎಂದು ವೈದ್ಯರನ್ನು ಕೇಳಿ, ಸರಿಸಿದ ಮೇಲೆ ಟಿಎಸ್‌ಎಚ್ ಮತ್ತೊಮ್ಮೆ ನೋಡಿಸಿ.

3 ಮಿ.ಗ್ರಾಂ ಮಾತ್ರೆ ಮೊದಲ 30 ದಿನಕ್ಕೆ, ಹೊಟ್ಟೆಯನ್ನು ಒಗ್ಗಿಸುವುದಕ್ಕೆ ಅಷ್ಟೇ. "ಒಂದು ತಿಂಗಳು ತಗೊಂಡೆ, ಶುಗರ್ ಏನೂ ಇಳಿಲಿಲ್ಲ" ಎಂದು ಬಿಟ್ಟವರು ಈ ಮೆಟ್ಟಿಲಲ್ಲೇ ಬಿಟ್ಟಿರುತ್ತಾರೆ. ನಂತರ 7, ಸಾಲದಿದ್ದರೆ 14. ಉಳಿತಾಯವೆಂದು 14ರದನ್ನು ಅರ್ಧ ಮಾಡಬಾರದು, 14 ಸಿಗಲಿಲ್ಲವೆಂದು ಎರಡು 7 ನುಂಗಬಾರದು. ಸ್ನ್ಯಾಕ್ ಪ್ರಮಾಣ ಅರ್ಧವಾಗಿ ಇಲ್ಲವೇ ಎರಡು ಪಟ್ಟಾಗಿ ಲೆಕ್ಕ ಕೆಡುತ್ತದೆ. ಮಾತ್ರೆ ತೇವ ತಾಳುವುದಿಲ್ಲ. ವಾರದ ಡಬ್ಬಿಗೆ ಬಿಡಿಸಿಟ್ಟು ಆಷಾಢದ ಮಳೆಯಲ್ಲಿ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಇಟ್ಟುಕೊಂಡರೆ ಕೆಡುತ್ತದೆ. ನುಂಗುವ ಕ್ಷಣದ ತನಕ ಸ್ಟ್ರಿಪ್ಪಿನಲ್ಲೇ ಇರಲಿ. ಒಂದು ದಿನ ಮರೆತರೆ ಮರುದಿನದ್ದನ್ನಷ್ಟೇ ತೆಗೆದುಕೊಳ್ಳಿ.

ನಿಯಮ ಪಾಲಿಸಿದರೆ ಕೆಲಸ ಚೆನ್ನಾಗಿದೆ: 14 ಮಿ.ಗ್ರಾಂನಲ್ಲಿ ಎಚ್‌ಬಿಎ1ಸಿ ಸುಮಾರು 1.4ರಷ್ಟು ಇಳಿಯುತ್ತದೆ, ತೂಕವೂ ಸ್ವಲ್ಪ. ನಿಯಮದ ಹೊರೆ ನೋಡಿದರೆ ಮಾತ್ರ, ಸೂಜಿಗೆ ಹೆದರದವರಿಗೆ ವಾರದ ಇಂಜೆಕ್ಷನ್ನೇ ಸಲೀಸು.

ವಾರದ ಇಂಜೆಕ್ಷನ್ನಿನಲ್ಲಿ ಸೆಮಾಗ್ಲುಟೈಡ್ ಜಿಎಲ್‌ಪಿ-1 ಒಂದನ್ನೇ ಅನುಕರಿಸುತ್ತದೆ, ಟಿರ್ಜೆಪಟೈಡ್ ಜಿಐಪಿ ಗ್ರಾಹಿಯನ್ನೂ ತಟ್ಟುತ್ತದೆ. ಮುಖಾಮುಖಿ ಹೋಲಿಸಿದ ಸರ್ಪಾಸ್-2 ಅಧ್ಯಯನದಲ್ಲಿ ಎಚ್‌ಬಿಎ1ಸಿ ಸೆಮಾಗ್ಲುಟೈಡ್ 1 ಮಿ.ಗ್ರಾಂನಲ್ಲಿ 1.86, ಟಿರ್ಜೆಪಟೈಡ್‌ನಲ್ಲಿ ಡೋಸಿಗೆ ತಕ್ಕಂತೆ 2.01ರಿಂದ 2.30 ಇಳಿಯಿತು. ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದಾಗ 2.5 ಮಿ.ಗ್ರಾಂ ಬಾಟಲಿಗೆ 3,500, 5 ಮಿ.ಗ್ರಾಂಗೆ 4,375 ರೂಪಾಯಿ. ತಿಂಗಳಿಗೆ ನಾಲ್ಕು ಬೇಕು. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟಿನ ಅವಧಿ 2026ರ ಮಾರ್ಚ್‌ವರೆಗೆ. ಪೇಟೆಂಟ್ ಮುಗಿದ ಔಷಧಿಯ ದರ ಎಲ್ಲಿಗೆ ಇಳಿಯುತ್ತದೆ ಎನ್ನುವುದನ್ನು ಸಿಟಾಗ್ಲಿಪ್ಟಿನ್‌ನಲ್ಲಿ ನೋಡಿದ್ದೇವೆ, ಹಾಗಾಗಿ ಕೊಳ್ಳುವ ದಿನದ ಎಂ.ಆರ್.ಪಿ. ಹೋಲಿಸಿಯೇ ಕೊಳ್ಳಿ.

ಬಾಟಲಿಯಿಂದ ಚುಚ್ಚಿಕೊಳ್ಳುವವರು ಸಿರಿಂಜ್ ನೋಡಿಕೊಳ್ಳಬೇಕು. ಮೌಂಜಾರೊದ ಒಂದು ಬಾಟಲಿ ಒಂದೇ ಡೋಸು, 0.5 ಮಿ.ಲೀ. ನಮ್ಮಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಬಗೆ: ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಅದೇ 0.5 ಮಿ.ಲೀ. ಯು-40ಯಲ್ಲಿ 20ರ ಗೆರೆಗೆ ಬರುತ್ತದೆ, ಯು-100ರಲ್ಲಿ 50ರ ಗೆರೆಗೆ. "50 ಎಳೆಯಿರಿ" ಎಂದು ಯಾರೋ ಫೋನಿನಲ್ಲಿ ಹೇಳಿದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹುಡುಕಿದರೆ ಆ ಗೆರೆಯೇ ಇರುವುದಿಲ್ಲ. ಡೋಸನ್ನು ಮಿ.ಲೀ. ಲೆಕ್ಕದಲ್ಲೇ ಬರೆಸಿಕೊಳ್ಳಿ. ಪೆನ್ನಿನಲ್ಲಿ ಈ ಗೊಂದಲವಿಲ್ಲ. ಅಲ್ಲಿ ಎಡವುವುದು ಬೇಗ ಸೂಜಿ ಕಿತ್ತುಬಿಡುವುದರಲ್ಲಿ: ಗುಂಡಿ ಪೂರ್ತಿ ಒತ್ತಿ, ಸೊನ್ನೆ ಬಂದ ಮೇಲೂ ನಿಧಾನವಾಗಿ ಆರು ಎಣಿಸಿ ಹೊರಗೆ ತೆಗೆಯಬೇಕು. ತೆಗೆದ ಮೇಲೆ ಸೂಜಿಯನ್ನು ಪೆನ್ನಿಗೆ ಹಾಗೇ ಬಿಟ್ಟರೆ ಔಷಧಿ ಸೋರುತ್ತದೆ, ಗಾಳಿ ಸೇರುತ್ತದೆ. ಜಾಗ ಹೊಟ್ಟೆ, ತೊಡೆ ಅಥವಾ ತೋಳಿನ ಮೇಲ್ಭಾಗ. ಪ್ರತಿ ವಾರ ಜಾಗ ಬದಲಿಸಿ.

ಸಾಗಣೆಯಲ್ಲಿ ಹಾಳಾಗುವುದೂ ಇದೆ. ತೆರೆಯದ ಪೆನ್ನು, ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸುವಾಗ ಐಸ್ ಪ್ಯಾಕಿಗೆ ಔಷಧಿಯನ್ನು ನೇರವಾಗಿ ತಾಗಿಸಿ ಕಟ್ಟುತ್ತಾರೆ, ಅದು ಹೆಪ್ಪುಗಟ್ಟುತ್ತದೆ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನಲ್ಲಿ ಐಸ್ ಬಾಕ್ಸಿನ ಕೆಳಗಿನ ತಟ್ಟೆಯಲ್ಲೂ ಹೀಗೇ ಆಗುತ್ತದೆ. ಹೆಪ್ಪುಗಟ್ಟಿ ಕರಗಿದ್ದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಬಳಸುವಂತಿಲ್ಲ. ಪೊಟ್ಟಣಕ್ಕೂ ಐಸಿಗೂ ನಡುವೆ ದಪ್ಪ ಬಟ್ಟೆ ಇರಲಿ, ಫ್ರಿಜ್ಜಿನಲ್ಲಿ ನಡುವಿನ ತಟ್ಟೆಯಲ್ಲಿಡಿ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕರೆಂಟ್ ಹೋದರೆ ಗಾಬರಿ ಬೇಡ: ಮೌಂಜಾರೊ ಬಾಟಲಿ 30 ಡಿಗ್ರಿ ಮೀರದಿದ್ದರೆ ಫ್ರಿಜ್ಜಿನ ಹೊರಗೂ 21 ದಿನ ತಾಳುತ್ತದೆ. ಕಷ್ಟವೆಲ್ಲ ಕಡೂರು, ಅರಸೀಕೆರೆ ಕಡೆಯ ಏಪ್ರಿಲ್ ತಿಂಗಳಿಗೆ. ಅಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ 30 ಡಿಗ್ರಿ ದಾಟುವುದು ಮಾಮೂಲು.

ವಾಕರಿಕೆ, ವಾಂತಿ, ಮಲಬದ್ಧತೆ ಬರುವುದು ಹೆಚ್ಚಾಗಿ ಡೋಸ್ ಏರಿಸಿದ ಮೊದಲ ವಾರಗಳಲ್ಲಿ. ಜಠರ ಖಾಲಿಯಾಗುವುದೇ ನಿಧಾನವಾಗಿರುತ್ತದೆ. ಅಂಥ ವಾರದಲ್ಲಿ ಮದುವೆ ಮನೆಗೆ ಹೋಗಿ ಹೋಳಿಗೆ ತುಪ್ಪ ಬಡಿಸಿಕೊಂಡರೆ, ಕಡುಬು ಹಂದಿ ಸಾರಿಗೆ ಕೂತರೆ ಸಂಜೆಗೆ ವಾಂತಿ ಖಚಿತ. ನಾಲ್ಕು ವಾರಕ್ಕೆ ಮುಂಚೆ ಡೋಸ್ ಏರಿಸಬೇಡಿ. ಬೆನ್ನಿಗೆ ಹರಿಯುವ ಬಿಡದ ಹೊಟ್ಟೆನೋವು ಬಂದರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ, ಅದು ಮೇದೋಜೀರಕ ಗ್ರಂಥಿಯ ಉರಿಯೂತ ಆಗಿರಬಹುದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆಗಿದ್ದರೆ ಅದರ ಡೋಸನ್ನು ವೈದ್ಯರು ಮೊದಲೇ ತಗ್ಗಿಸಬೇಕು, ಇಲ್ಲದಿದ್ದರೆ ತೋಟದ ಕೆಲಸದ ನಡುವೆ ಲೋ ಶುಗರ್ ಆಗಿ ಬೀಳುತ್ತಾರೆ. ಕಣ್ಣಿನ ರೆಟಿನಾ ಮೊದಲೇ ಕೆಟ್ಟಿದ್ದರೆ ಸಕ್ಕರೆ ಸರ್ರನೆ ಇಳಿದಾಗ ಅದು ಉಲ್ಬಣಿಸಬಹುದು, ಶುರುವಿಗೆ ಮುನ್ನ ಕಣ್ಣು ತೋರಿಸಿ. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ, ಗರ್ಭಿಣಿಯರಿಗೆ ಇದು ಕೂಡದು. ಜೊತೆಗೆ ಗ್ಲಿಪ್ಟಿನ್ ಮುಂದುವರಿಸುವುದು ದುಡ್ಡು ದಂಡ, ಎರಡೂ ಒಂದೇ ಬಾಗಿಲು ತಟ್ಟುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಬೀಟಾ ಕೋಶ ಉಳಿಯುತ್ತದೆಯೇ? ಪರೀಕ್ಷಿಸುವ ಸರಿಯಾದ ವಿಧಾನ ಒಂದೇ: ಔಷಧಿ ನಿಲ್ಲಿಸಿ, ಅದು ದೇಹದಿಂದ ಹೋದ ಮೇಲೆ ಕೋಶದ ಸಾಮರ್ಥ್ಯ ಅಳೆಯುವುದು. ಎಕ್ಸೆನಟೈಡ್ ಎಂಬ ಹಳೆಯ ಇಂಜೆಕ್ಷನ್ನನ್ನು ಮೂರು ವರ್ಷ ಕೊಟ್ಟು ನಾಲ್ಕು ವಾರ ನಿಲ್ಲಿಸಿ ನೋಡಿದಾಗ, ಇನ್ಸುಲಿನ್ ತೆಗೆದುಕೊಂಡವರಿಗಿಂತ ತುಸು ಉತ್ತಮ ಫಲಿತಾಂಶ ಸಿಕ್ಕಿತು. ಅಮೆರಿಕದ ರೈಸ್ ಅಧ್ಯಯನದಲ್ಲಿ ಲಿರಾಗ್ಲುಟೈಡ್ (ಇದೇ ಜಿಎಲ್‌ಪಿ-1 ಬಗೆಯ ಇಂಜೆಕ್ಷನ್) ಮತ್ತು ಮೆಟ್‌ಫಾರ್ಮಿನ್ ಒಂದು ವರ್ಷ ಕೊಟ್ಟಾಗ ಕೋಶಗಳು ಗಣನೀಯವಾಗಿ ಚೇತರಿಸಿಕೊಂಡವು, ನಿಲ್ಲಿಸಿದ ಮೂರು ತಿಂಗಳಿಗೆ ಲಾಭವೆಲ್ಲ ಕರಗಿತ್ತು. ಎಲ್ಲಕ್ಕಿಂತ ಆಶಾದಾಯಕ ಅಂಕಿ ಟಿರ್ಜೆಪಟೈಡ್‌ನದು. ಶುಗರ್ ಅಂಚಿನಲ್ಲಿದ್ದ, ತೂಕ ಹೆಚ್ಚಿದ್ದ 1,032 ಜನರನ್ನು ಸುಮಾರು ಮೂರೂವರೆ ವರ್ಷ ನೋಡಿದಾಗ ಔಷಧಿ ತೆಗೆದುಕೊಂಡವರಲ್ಲಿ 1.3%, ತೆಗೆದುಕೊಳ್ಳದವರಲ್ಲಿ 13.3% ಮಂದಿಗೆ ಸಕ್ಕರೆ ಕಾಯಿಲೆ ಬಂತು. ನಿಲ್ಲಿಸಿ 17 ವಾರವಾದ ಮೇಲೆ ಆ ಲೆಕ್ಕ 2.4% ಮತ್ತು 13.7%.

ಇದನ್ನು ಓದುವಾಗ ಒಂದು ಎಚ್ಚರ. ಆ ಔಷಧಿಯಲ್ಲಿ ತೂಕವೂ ಬಹಳ ಇಳಿಯುತ್ತದೆ, ತೂಕ ಇಳಿದರೆ ಬೀಟಾ ಕೋಶದ ಮೇಲಿನ ಭಾರ ತಾನಾಗಿಯೇ ಇಳಿಯುತ್ತದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಹಾರ್ಮೋನಿನ ಯಾವ ಔಷಧಿಯೂ ಇಲ್ಲದೆ, ಬರೀ ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಪಥ್ಯದಿಂದ ಶುರು ಮಾಡಿ, ಒಂದು ವರ್ಷದಲ್ಲಿ 46% ಮಂದಿ ಮಾತ್ರೆಯಿಲ್ಲದೆ ಶುಗರ್ ಹತೋಟಿಗೆ ತಂದರು. ಹಾಗಾಗಿ ಹಾರ್ಮೋನು ಕೋಶವನ್ನು ನೇರವಾಗಿ ಕಾಯಿತೋ, ತೂಕ ಇಳಿದು ಕೋಶಕ್ಕೆ ವಿಶ್ರಾಂತಿ ಸಿಕ್ಕಿತೋ ಎಂದು ಈ ಅಂಕಿಗಳಿಂದ ಬಿಡಿಸಿ ಹೇಳಲಾಗದು. ನಮ್ಮ ತೀರ್ಮಾನ: ತೆಗೆದುಕೊಳ್ಳುವಷ್ಟು ದಿನ ರಕ್ಷಣೆ ನಿಜ, ನಿಲ್ಲಿಸಿದ ಮೇಲೂ ಉಳಿಯುತ್ತದೆ ಎಂಬ ಮಾತಿಗೆ ಈಗಲೇ ಸಾವಿರಾರು ರೂಪಾಯಿ ಕೊಡಬೇಕಿಲ್ಲ. ಹೊಟ್ಟೆ ಸುತ್ತ ಬೊಜ್ಜಿದ್ದು, ಶುಗರ್ ಬಂದು ಹೆಚ್ಚು ವರ್ಷವಾಗದವರಿಗೆ ಇಂಜೆಕ್ಷನ್ ಕೊಟ್ಟ ಕಾಸಿಗೆ ಮೋಸವಿಲ್ಲ. ಮೂರು ತಿಂಗಳು ತೆಗೆದುಕೊಂಡು ದುಡ್ಡಿಲ್ಲವೆಂದು ನಿಲ್ಲಿಸಬೇಕಾದ ಸ್ಥಿತಿಯಿದ್ದರೆ ಮೊದಲ ದಿನದಿಂದಲೇ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಪ್ಟಿನ್ ಹಿಡಿಯುವುದು ಜಾಣತನ.

ಸಣಕಲು ಮೈಯವರು ಯಾವುದನ್ನೂ ಕೊಳ್ಳುವ ಮುನ್ನ ಸಿ-ಪೆಪ್ಟೈಡ್ ಮಾಡಿಸಬೇಕು. ಇನ್ಸುಲಿನ್ ತಯಾರಾಗುವಾಗ ಅಷ್ಟೇ ಪ್ರಮಾಣದಲ್ಲಿ ಹುಟ್ಟುವ ತುಣುಕು ಅದು. ತೀರಾ ಕಡಿಮೆ ಬಂದರೆ ಉಳಿಸಲು ಕೋಶಗಳೇ ಹೆಚ್ಚು ಉಳಿದಿಲ್ಲ ಎಂದರ್ಥ, ಅವರಿಗೆ ಬೇಕಾದದ್ದು ಇನ್ಸುಲಿನ್. ಟೈಪ್ 1ರಲ್ಲಿ ಲಿರಾಗ್ಲುಟೈಡನ್ನು ಒಂದು ಪ್ರತಿಕಾಯದ ಜೊತೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಇನ್ಸುಲಿನ್ ಸ್ರಾವ ಸ್ವಲ್ಪ ಉಳಿದಿತ್ತು, ನಿಲ್ಲಿಸಿದ ಮೇಲೆ ಅದೂ ಕ್ಷೀಣಿಸಿತು. ಇನ್ಸುಲಿನ್ ಬಿಟ್ಟು ಇದನ್ನು ಹಿಡಿದರೆ ಜೀವಕ್ಕೇ ಸಂಚಕಾರ. ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್ನೂ ನೋಡಿಸಿ, ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಕಾಸಿಲ್ಲದೆ ಎಲ್ ಕೋಶವನ್ನು ಎಬ್ಬಿಸುವ ಉಪಾಯವೂ ಒಂದಿದೆ, ಊಟದ ಸರದಿ ಬದಲಿಸುವುದು. ಹುರುಳಿಕಾಳು, ಸೊಪ್ಪಿನ ಪಲ್ಯ, ಮೊಟ್ಟೆ ಅಥವಾ ಮೀನನ್ನು ಮೊದಲು ತಿಂದು ಹತ್ತು ಹದಿನೈದು ನಿಮಿಷದ ನಂತರ ಮುದ್ದೆ, ಅಕ್ಕಿರೊಟ್ಟಿಗೆ ಕೈ ಹಾಕಿದರೆ ಜಿಎಲ್‌ಪಿ-1 ಹೆಚ್ಚು ಬರುತ್ತದೆ, ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ. ಇಂಜೆಕ್ಷನ್ನಿನ ಬಲ ಇದಕ್ಕಿಲ್ಲ. ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರದು ಎಂಬ ನಂಬಿಕೆಗೂ ಆಧಾರವಿಲ್ಲ. ನುಣ್ಣಗೆ ಬೀಸಿ ಚೆನ್ನಾಗಿ ಬೆಂದ ಹಿಟ್ಟು ಬೇಗ ಅರಗುತ್ತದೆ, ಗಾತ್ರ ಒಂದು ಕಿತ್ತಳೆಯಷ್ಟಕ್ಕೆ ನಿಲ್ಲಲಿ.

ಕೊಳ್ಳುವಾಗ ವೈದ್ಯರ ಚೀಟಿ ಕೊಟ್ಟು, ಬ್ಯಾಚ್ ನಂಬರ್ ನಮೂದಿಸಿದ ಬಿಲ್ ಪಡೆಯಿರಿ. ಲೇಬಲ್ ಇಲ್ಲದ ಬಾಟಲಿ, ಪುಡಿ ರೂಪದಲ್ಲಿ ಬಂದು ನೀವೇ ಕಲಸಿಕೊಳ್ಳಬೇಕಾದ್ದು, ಆನ್‌ಲೈನಿನಲ್ಲಿ ಅರ್ಧ ದರಕ್ಕೆ ಬರುವ ಪೆನ್ನು, ಮೂರನ್ನೂ ಮುಟ್ಟಬೇಡಿ. ಇಂಜೆಕ್ಷನ್ನಿನ ಪೊಟ್ಟಣ ಕೈಗೆ ಬಂದಾಗ ಅಂಗಡಿಯ ಫ್ರಿಜ್ಜಿನಿಂದಲೇ ತೆಗೆದರೇ ಎಂದು ನೋಡಿ. ಗಲ್ಲಾದ ಪಕ್ಕದ ಶೆಲ್ಫಿನಿಂದ ತೆಗೆದುಕೊಟ್ಟರೆ ವಾಪಸ್ ಕೊಟ್ಟು ಬನ್ನಿ.